ಪರೀಕ್ಷೆ, ಧನುರ್ಮಾಸ, ಮನೆ ಬದಲಾವಣೆ: ಎಲ್ಲವೂ ಡಿಸೆಂಬರಿಗೇ ಬಂದರೆ

ಪ್ರಶ್ನೆ: ನಾವು ಧಾರವಾಡದ ಕಡೆಯವರು, ಪುಣೆಯ ಚಿಂಚವಡದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಅಗ್ರೀಮೆಂಟ್ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಕೋಥರೂಡಿನಲ್ಲಿ ಎರಡು ಬೆಡ್‌ರೂಮಿನ ಮನೆ ಗೊತ್ತಾಗಿದೆ; ಬಾಡಿಗೆ 25,000, ಡಿಪಾಸಿಟ್ ಒಂದು ಲಕ್ಷ. ಮಗಳು ಹನ್ನೆರಡನೆಯ ತರಗತಿ ಸೈನ್ಸ್, ಸ್ಟೇಟ್ ಬೋರ್ಡ್. ಜನವರಿಯಲ್ಲಿ ಜೆಇಇ, ಫೆಬ್ರವರಿಯಲ್ಲಿ ಬೋರ್ಡ್ ಪರೀಕ್ಷೆ. ನಾನು ಇಗ್ನೋದಲ್ಲಿ ಎಂ.ಎ. ಮಾಡುತ್ತಿದ್ದೇನೆ, ಕೊನೆಯ ಪೇಪರ್ ಡಿಸೆಂಬರ್ 18ಕ್ಕೆ. ಮಗ ಐದನೆಯ ತರಗತಿ, 24ರಿಂದ ರಜೆ, ಅವನಿಗೆ ಧಾರವಾಡಕ್ಕೆ ಹೋಗಲೇಬೇಕು. ಧನುರ್ಮಾಸದಲ್ಲಿ ಹೊಸ ಮನೆ ಹೊಕ್ಕುವುದು ಬೇಡ ಎನ್ನುತ್ತಾರೆ ಅತ್ತೆ. 31ಕ್ಕೆ ಒಂದೇ ದಿನದಲ್ಲಿ ಎಲ್ಲ ಮುಗಿಸೋಣ ಎನ್ನುತ್ತಾರೆ ಯಜಮಾನರು. ಈಗ ನವೆಂಬರ್ ಮೊದಲ ವಾರ. ಯಾವುದನ್ನು ಯಾವಾಗ ಮಾಡಲಿ?

ಉತ್ತರ: ಮೊದಲು 31ರ ಮಾತನ್ನು ಕೈಬಿಡಿ. ಪುಣೆಯಲ್ಲಿ ಬಹುಪಾಲು ಅಗ್ರೀಮೆಂಟುಗಳು ತಿಂಗಳ ಕೊನೆಗೇ ಮುಗಿಯುತ್ತವೆ. ಹಾಗಾಗಿ 30, 31, 1 ಈ ಮೂರು ದಿನ ಟೆಂಪೊ ಸಿಗುವುದೇ ಕಷ್ಟ, ಸಿಕ್ಕರೂ ಅವರು ಹೇಳಿದ್ದೇ ದರ. ಜೊತೆಗೆ ಒಂದು ಸರಳ ಲೆಕ್ಕ ಇದೆ. ನಾಲ್ಕೈದು ಜನರ ಎರಡು ಬೆಡ್‌ರೂಮಿನ ಸಂಸಾರವೆಂದರೆ ಮಂಚ, ಕಪಾಟು ಬಿಟ್ಟೂ ಸುಮಾರು 45 ಪೆಟ್ಟಿಗೆ. ಒಂದೊಂದನ್ನು ವಿಂಗಡಿಸಿ, ಕಾಗದ ಸುತ್ತಿ, ಟೇಪು ಹಾಕಿ, ಹೆಸರು ಬರೆಯಲು ಅರ್ಧ ಗಂಟೆ ಹಿಡಿದರೂ 22 ಗಂಟೆಯ ಕೆಲಸ. ಪ್ಯಾಕರ್ಸ್‌ನವರು ನಾಲ್ಕು ಜನ ಬಂದು ನಾಲ್ಕೈದು ಗಂಟೆಯಲ್ಲಿ ಮುಗಿಸುತ್ತಾರೆ, ನಿಜ. ಆದರೆ ಅವರು ವಿಂಗಡಿಸುವುದಿಲ್ಲ, ತುಂಬುತ್ತಾರೆ ಅಷ್ಟೆ. ಕಸದ ಬುಟ್ಟಿಯನ್ನು ಕಸದ ಸಮೇತ ಸುತ್ತಿ ಕಳಿಸಿದ ಉದಾಹರಣೆಗೇನೂ ಕೊರತೆಯಿಲ್ಲ. ಹನ್ನೆರಡನೆಯ ತರಗತಿಯ ಕೆಮಿಸ್ಟ್ರಿ ನೋಟ್ಸು ಅಡುಗೆಮನೆಯ ಪೆಟ್ಟಿಗೆಯಲ್ಲಿ ಹೋದರೆ ಜನವರಿ ಪೂರ್ತಿ ಅದನ್ನು ಹುಡುಕುವುದೇ ಕೆಲಸವಾಗುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ‘ಮನೆ ಬದಲಾವಣೆ’ ಎಂಬ ಒಂದೇ ಮಾತಿನೊಳಗೆ ನಾಲ್ಕು ಬೇರೆ ಬೇರೆ ದಿನಗಳಿವೆ: ಕೀಲಿ ಕೈಗೆ ಬರುವ ದಿನ, ಹಾಲು ಉಕ್ಕಿಸುವ ದಿನ, ಸಾಮಾನು ಸಾಗಿಸುವ ದಿನ, ಹಳೆಯ ಮನೆಯ ಕೀಲಿ ಒಪ್ಪಿಸುವ ದಿನ. ಇವು ನಾಲ್ಕೂ ಒಂದೇ ದಿನಕ್ಕೆ ಬಂದಾಗಲೇ ಜಗಳ. ಬಿಡಿಸಿ ಇಟ್ಟರೆ ಅತ್ತೆಯವರ ಮಾತೂ ನಡೆಯುತ್ತದೆ, ಮಗಳ ಓದೂ ಕೆಡುವುದಿಲ್ಲ. ಬಿಡಿಸಿ ಇಡಲು ಸ್ವಲ್ಪ ದಿನ ಎರಡೂ ಮನೆ ನಿಮ್ಮ ಕೈಯಲ್ಲಿರಬೇಕು. ಅದಕ್ಕೆ ದುಡ್ಡು ಬೇಕು. ಈ ಇಡೀ ವ್ಯವಹಾರದಲ್ಲಿ ಖರ್ಚು ಮಾಡಲೇಬೇಕಾದ ದುಡ್ಡು ಅದೊಂದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊಸ ಮನೆಯ ಅಗ್ರೀಮೆಂಟನ್ನು ಡಿಸೆಂಬರ್ 12ರಿಂದ ಶುರು ಮಾಡಿಸಿ. ತಿಂಗಳ ಕೊನೆಯ ತನಕ 20 ದಿನದ ಬಾಡಿಗೆ ಸುಮಾರು 16,000 ಆಗುತ್ತದೆ. ಮನೆ ಈಗಲೇ ಖಾಲಿ ಇದ್ದರೆ ಮಾಲೀಕರು ಅದರಲ್ಲಿ ಒಂದು ವಾರ ಬಿಟ್ಟುಕೊಡುವ ಸಾಧ್ಯತೆ ಇದೆ. ‘ಡಿಪಾಸಿಟ್ ಈಗಲೇ ಕೊಡುತ್ತೇವೆ, ಬಾಡಿಗೆ 20ರಿಂದ ಹಿಡಿಯಿರಿ’ ಎಂದು ಕೇಳಿನೋಡಿ. ಹಳೆಯ ಮನೆಯವರ ಹತ್ತಿರವೂ ಮಾತಾಡಿ: 25ಕ್ಕೇ ಖಾಲಿ ಮಾಡಿ ಕೊಟ್ಟರೆ ಮುಂದಿನವರಿಗೆ ಬಣ್ಣ ಬಳಿಸಲು ಅವರಿಗೆ ಒಂದು ವಾರ ಸಿಗುತ್ತದೆ, ಅಷ್ಟು ಬಾಡಿಗೆ ಕಡಿಮೆ ಮಾಡಲು ಒಪ್ಪಿಯಾರು. ಅಗ್ರೀಮೆಂಟಿನ ಅವಧಿ ತಾನಾಗಿ ಮುಗಿಯುತ್ತಿದ್ದರೂ ಖಾಲಿ ಮಾಡುವ ವಿಷಯವನ್ನು ಈ ವಾರವೇ ಬರಹದಲ್ಲಿ ತಿಳಿಸಿ. ಬಾಯಿಮಾತಿನಲ್ಲಿ ಹೇಳಿದ್ದು ಡಿಪಾಸಿಟ್ ವಾಪಸು ಕೇಳುವ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಅಗ್ರೀಮೆಂಟ್ ವಿಷಯದಲ್ಲಿ ಒಂದು ಮಾತು. ಮಹಾರಾಷ್ಟ್ರದಲ್ಲಿ ಲೀವ್ ಅಂಡ್ ಲೈಸೆನ್ಸ್ ಕರಾರು (ಇಲ್ಲಿ ಮನೆ ಬಾಡಿಗೆಗೆ ಸಾಮಾನ್ಯವಾಗಿ ಮಾಡುವ ಅಗ್ರೀಮೆಂಟ್ ಇದೇ) 11 ತಿಂಗಳದ್ದಾದರೂ ನೋಂದಣಿ ಕಡ್ಡಾಯ. 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮು ಆ ಜವಾಬ್ದಾರಿಯನ್ನು ಮಾಲೀಕರ ಮೇಲೆ ಹಾಕುತ್ತದೆ. ಸ್ಟಾಂಪ್ ಪೇಪರಿನ ಮೇಲೆ ಸಹಿ ಹಾಕಿ ನೋಟರಿ ಮಾಡಿಸುವ ರೂಢಿ ನಮ್ಮ ಕಡೆಯದು, ಇಲ್ಲಿ ಅದು ಸಾಲದು. ಸ್ಟಾಂಪ್ ಶುಲ್ಕ ಒಟ್ಟು ಬಾಡಿಗೆಯ ಶೇ. 0.25, ಡಿಪಾಸಿಟ್ಟಿನ ಮೇಲೆ ವರ್ಷಕ್ಕೆ ಶೇ. 10ರಂತೆ ಬಡ್ಡಿ ಹಿಡಿದು ಅದನ್ನೂ ಆ ಮೊತ್ತಕ್ಕೆ ಸೇರಿಸುತ್ತಾರೆ. ನಿಮ್ಮ ಲೆಕ್ಕದಲ್ಲಿ 11 ತಿಂಗಳ ಬಾಡಿಗೆ 2,75,000, ಬಡ್ಡಿ ಸುಮಾರು 9,200, ಎರಡೂ ಸೇರಿದ ಮೇಲೆ ಶೇ. 0.25 ಅಂದರೆ ಹೆಚ್ಚುಕಡಿಮೆ 710 ರೂಪಾಯಿ. ನಗರದ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ 1,000. ಏಜೆಂಟ್ ಮನೆಗೇ ಬಂದು ಬೆರಳಚ್ಚು ತೆಗೆದುಕೊಂಡರೆ ಅವನ ಕೂಲಿ ಬೇರೆ. ಎರಡೂ ಕಡೆಯವರ ಆಧಾರ್, ಪ್ಯಾನ್ ಮತ್ತು ಇಬ್ಬರು ಸಾಕ್ಷಿಗಳು ಬೇಕು. ನೋಂದಣಿಯಾದ ಈ ಪ್ರತಿಯೇ ಮುಂದೆ ಗ್ಯಾಸ್, ಬ್ಯಾಂಕು, ಆಧಾರ್ ಎಲ್ಲಕ್ಕೂ ವಿಳಾಸದ ಪುರಾವೆ. ಬಾಡಿಗೆದಾರರ ಮಾಹಿತಿಯನ್ನು ಪೊಲೀಸರಿಗೆ ಕೊಡುವುದನ್ನೂ ಹೊಸದಾಗಿಯೇ ಮಾಡಬೇಕು. 2018ರಿಂದ ಪಿಂಪ್ರಿ-ಚಿಂಚವಡಕ್ಕೆ ಪ್ರತ್ಯೇಕ ಪೊಲೀಸ್ ಆಯುಕ್ತಾಲಯ ಇದೆ; ಕೋಥರೂಡು ಪುಣೆ ನಗರದ್ದು. ಚಿಂಚವಡದಲ್ಲಿ ಕೊಟ್ಟ ಮಾಹಿತಿ ಇಲ್ಲಿ ನಡೆಯುವುದಿಲ್ಲ.

ಹಾಲು ಉಕ್ಕಿಸುವುದು 13 ಅಥವಾ 14ಕ್ಕೆ

ಧನುರ್ಮಾಸ ಡಿಸೆಂಬರ್ 16ರ ಸುಮಾರಿಗೆ ಹಿಡಿದರೆ ಸಂಕ್ರಾಂತಿಗೇ ಬಿಡುವುದು. ಅಷ್ಟು ದಿನ ಕಾಯಲು ನಿಮ್ಮ ಅಗ್ರೀಮೆಂಟ್ ಬಿಡುವುದಿಲ್ಲ. ಸಂಕ್ರಾಂತಿ ಮುಗಿದು ಹೊರಟರೆ ಮಗಳ ಜೆಇಇಗೂ ಕಾಲೇಜಿನ ಪ್ರಾಕ್ಟಿಕಲ್ಲಿಗೂ ನಡುವೆ ಸಿಕ್ಕಿಹಾಕಿಕೊಳ್ಳುತ್ತೀರಿ. ಆದ್ದರಿಂದ ಕೀಲಿ ಸಿಕ್ಕ ಮರುದಿನವೋ ಅದರ ಮರುದಿನವೋ ಒಳ್ಳೆಯ ಹೊತ್ತು ನೋಡಿ ದೇವರ ಫೋಟೊ, ದೀಪ, ಅಕ್ಕಿ, ಬೆಲ್ಲ ಒಯ್ದು ಹಾಲು ಉಕ್ಕಿಸಿಬಿಡಿ. ಅಂದು ರಾತ್ರಿ ಯಜಮಾನರು ಮತ್ತು ಅತ್ತೆಯವರು ಅಲ್ಲೇ ಮಲಗಲಿ. ಮನೆ ಹೊಕ್ಕಿದ್ದು ಅಲ್ಲಿಗೆ ಆಯಿತು, ಮುಂದೆ ಹೋಗುವುದು ಬರೀ ಸಾಮಾನು ಎಂದು ಎಷ್ಟೋ ಮನೆಗಳಲ್ಲಿ ಒಪ್ಪುತ್ತಾರೆ. ನಿಮ್ಮ ಅತ್ತೆಯವರನ್ನು ಒಮ್ಮೆ ನಿಮ್ಮ ಮನೆತನದ ಪುರೋಹಿತರ ಜೊತೆ ಫೋನಿನಲ್ಲಿ ಮಾತಾಡಿಸಿ. ನೀವು ಹೇಳುವುದಕ್ಕಿಂತ ಅವರು ಹೇಳಿದರೆ ಬೇಗ ಒಪ್ಪಿಗೆಯಾಗುತ್ತದೆ.

ಇದಕ್ಕೊಂದು ಸಣ್ಣ ತೊಡಕಿದೆ. ಆ ದಿನ ನಿಮ್ಮ ಗ್ಯಾಸ್ ಇನ್ನೂ ಚಿಂಚವಡದಲ್ಲೇ ಇರುತ್ತದೆ. ಹೊಸ ಮನೆಯಲ್ಲಿ ಪೈಪ್ ಗ್ಯಾಸ್ ಇದ್ದರೆ ಅದು ಚಾಲ್ತಿಯಲ್ಲಿದೆಯೇ, ಹಳೆಯ ಬಾಕಿ ಇಲ್ಲವೇ ಎಂದು ಮಾಲೀಕರನ್ನು ಕೇಳಿ. ಇಲ್ಲದಿದ್ದರೆ ಇಂಡಕ್ಷನ್ ಒಲೆ. ಹಿತ್ತಾಳೆ, ತಾಮ್ರ, ಅಲ್ಯುಮಿನಿಯಂ ಪಾತ್ರೆ ಅದರ ಮೇಲೆ ಕಾಯುವುದಿಲ್ಲ. ಫ್ರಿಜ್ಜಿನ ಮೇಲಿನ ಮ್ಯಾಗ್ನೆಟ್ ಪಾತ್ರೆಯ ತಳಕ್ಕೆ ಗಟ್ಟಿಯಾಗಿ ಅಂಟಿದರೆ ಮಾತ್ರ ಅದು ನಡೆಯುತ್ತದೆ. ಪೂಜೆಯ ಹಿತ್ತಾಳೆ ಪಾತ್ರೆ ತಂದು, ಮುಹೂರ್ತದ ಹೊತ್ತಿಗೆ ಒಲೆ ಕೀಂಯ್‌ಗುಟ್ಟಿ ಆರಿಹೋಗುವುದು ಬೇಡ. ಇನ್ನೊಂದು: 2000 ವ್ಯಾಟಿನ ಇಂಡಕ್ಷನ್ ಒಲೆ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಗೋಡೆಯ ಸಾದಾ 6 ಆಂಪಿಯರ್ ಪಾಯಿಂಟಿಗೆ ಎಕ್ಸ್‌ಟೆನ್ಷನ್ ಹಾಕಿ ಹಚ್ಚಬೇಡಿ. ಓವನ್ನಿಗೆಂದು ಕೊಟ್ಟ 16 ಆಂಪಿಯರ್ ಪಾಯಿಂಟಿಗೇ ಹಾಕಿ.

ಕೀಲಿ ಸಿಕ್ಕ ಆ ವಾರದ ಕೆಲಸವೆಲ್ಲ ಯಜಮಾನರ ಪಾಲಿಗೆ. ನಿಮಗೆ 18ರ ತನಕ ಪರೀಕ್ಷೆ, ಅದನ್ನು ಅವರು ಬಾಯಿಬಿಟ್ಟು ಒಪ್ಪಿಕೊಳ್ಳಬೇಕು. ಅವರು ಮಾಡಬೇಕಾದದ್ದು ಇಷ್ಟು: ಮನೆ ತೊಳೆಸುವುದು, ಎರಡೂ ಮನೆಯ ಮಹಾವಿತರಣ (ಇಲ್ಲಿನ ವಿದ್ಯುತ್ ಕಂಪನಿ) ಮೀಟರಿನ ಫೋಟೊ ತೆಗೆಯುವುದು, ಹೊಸ ಮನೆಯ ಗ್ರಾಹಕ ಸಂಖ್ಯೆ ಹಾಕಿ ಬಾಕಿ ಬಿಲ್ಲು ಇದೆಯೇ ನೋಡುವುದು, ಬ್ರಾಡ್‌ಬ್ಯಾಂಡ್ ಹಾಕಿಸುವುದು, ಬಾಗಿಲಿನ ಬೀಗ ಬದಲಿಸುವುದು, ಪರದೆ ಕಟ್ಟುವುದು. ಬ್ರಾಡ್‌ಬ್ಯಾಂಡಿಗೆ ಸೊಸೈಟಿಯಲ್ಲಿ ಯಾವ ಕಂಪನಿಯ ಕೇಬಲ್ ಇದೆಯೆಂದು ಮೊದಲು ಸೆಕ್ರೆಟರಿಯನ್ನು ಕೇಳಿ. ನಿಮ್ಮ ಈಗಿನ ಕಂಪನಿ ಆ ಕಟ್ಟಡದಲ್ಲಿ ಇಲ್ಲದಿದ್ದರೆ ‘ಶಿಫ್ಟಿಂಗ್’ ಅರ್ಜಿ ಹಾಕಿ ಹದಿನೈದು ದಿನ ಕಾದರೂ ಫಲವಿಲ್ಲ. ಟೆಂಪೊ ಬರುವ ದಿನ, ಹೊತ್ತು, ಲಿಫ್ಟ್ ಬಳಸಲು ಅನುಮತಿ, ಸೊಸೈಟಿಗೆ ಕೊಡಬೇಕಾದ ಶುಲ್ಕ ಇವನ್ನೂ ಆಗಲೇ ಕೇಳಿಕೊಳ್ಳಲಿ. ಭಾನುವಾರ ಮತ್ತು ಸಂಜೆ ಆರರ ನಂತರ ಸಾಮಾನು ಏರಿಸಲು ಬಿಡದ ಸೊಸೈಟಿಗಳು ಪುಣೆಯಲ್ಲಿ ಬಹಳ.

ಮಗಳ ಓದು ಟೆಂಪೊ ಹತ್ತಬಾರದು

ನನಗೆ ಹೆಚ್ಚು ಚಿಂತೆ ಇರುವುದು ಇದರ ಬಗ್ಗೆ. ಮನೆ ಬದಲಿಸುವ ಒಂದು ದಿನ ಓದು ನಿಂತರೆ ಏನೂ ಆಗುವುದಿಲ್ಲ. ಆದರೆ ಅದು ಒಂದು ದಿನಕ್ಕೆ ನಿಲ್ಲುವುದಿಲ್ಲ. ಮುಂಚಿನ ಒಂದು ವಾರ ಮನೆ ತುಂಬ ಪೆಟ್ಟಿಗೆ, ಟೇಪು ಎಳೆಯುವ ಸದ್ದು. ನಂತರದ ವಾರ ಡ್ರಿಲ್ ಮಷಿನ್ನು, ಪ್ಲಂಬರು, ‘ಸ್ವಲ್ಪ ಇದನ್ನ ಹಿಡಿ ಬಾ’ ಎಂಬ ಕರೆ. ಹಾಗೆ ನೋಡಿದರೆ ಹದಿನೈದು ದಿನ ಹೋಗುತ್ತದೆ, ಅದೂ ಕಾಲೇಜಿನಲ್ಲಿ ಪ್ರಿಲಿಮ್ಸ್ ನಡೆಯುವ ಹೊತ್ತಿಗೆ.

ಪುಣೆಯಲ್ಲಿ ಇದಕ್ಕೊಂದು ಒಳ್ಳೆಯ ಅನುಕೂಲ ಇದೆ, ಹೊರಗಿನಿಂದ ಬಂದವರು ಅಷ್ಟಾಗಿ ಬಳಸುವುದಿಲ್ಲ: ಅಭ್ಯಾಸಿಕೆಗಳು, ಅಂದರೆ ದುಡ್ಡು ಕೊಟ್ಟು ಕೂತು ಓದುವ ಕೋಣೆಗಳು. ಸ್ಪರ್ಧಾ ಪರೀಕ್ಷೆಯ ಹುಡುಗರಿಗಾಗಿ ಸದಾಶಿವ ಪೇಟೆಯ ಸುತ್ತಮುತ್ತ ಗಲ್ಲಿಗೊಂದರಂತೆ ಇವೆ, ಕೋಥರೂಡಿನಲ್ಲೂ ಇವೆ. ತಿಂಗಳ ಲೆಕ್ಕದಲ್ಲಿ ಒಂದು ಕುರ್ಚಿ, ಒಂದು ಮೇಜು, ಒಂದು ಪ್ಲಗ್ಗು. ಡಿಸೆಂಬರ್ 15ರಿಂದ ಜನವರಿ 15ರ ತನಕ ಹೊಸ ಮನೆಗೆ ನಡೆದು ಹೋಗುವಷ್ಟು ಹತ್ತಿರ ಒಂದು ಸೀಟು ಹಿಡಿಯಿರಿ. ಮೊದಲ ವಾರ ಚಿಂಚವಡದಿಂದ ಮೆಟ್ರೊದಲ್ಲಿ ಬರಬೇಕಾಗುತ್ತದೆ. ಪಿಂಪ್ರಿಯ ಪಿಸಿಎಂಸಿ ನಿಲ್ದಾಣದ ಕಡೆಯಿಂದ ಬರುವ ನೇರಳೆ ಮಾರ್ಗದಲ್ಲಿ ಡಿಸ್ಟ್ರಿಕ್ಟ್ ಕೋರ್ಟ್ (ಹಳೆಯ ಹೆಸರು ಸಿವಿಲ್ ಕೋರ್ಟ್) ನಿಲ್ದಾಣಕ್ಕೆ ಬಂದು, ಅಲ್ಲಿ ಕೋಥರೂಡಿನ ವನಾಜ್ ಕಡೆಯ ಗಾಡಿ ಹತ್ತಿದರಾಯಿತು. ಅಷ್ಟು ದೂರ ದಿನಾ ಬೇಡವೆನಿಸಿದರೆ 20ರಿಂದ ಶುರು ಮಾಡಲಿ. ಸೇರಿಸುವ ಮುನ್ನ ಹುಡುಗಿಯರಿಗೆ ಬೇರೆ ಕೋಣೆ ಇದೆಯೇ, ಶೌಚಾಲಯ ಹೇಗಿದೆ, ರಾತ್ರಿ ಎಷ್ಟಕ್ಕೆ ಮುಚ್ಚುತ್ತಾರೆ ಎಂದು ನೀವೇ ಹೋಗಿ ನೋಡಿ. ಗೆಳತಿಯ ಮನೆಗೆ ಹೋಗಿ ಓದುತ್ತೇನೆ ಎಂದರೆ ನಾನಂತೂ ಒಪ್ಪುವುದಿಲ್ಲ. ಅಲ್ಲಿ ಓದಿಗಿಂತ ಮಾತೇ ಹೆಚ್ಚು, ಆ ಮನೆಯವರಿಗೂ ಮುಜುಗರ.

ಅವಳ ಪುಸ್ತಕಗಳನ್ನು ಅವಳೇ ಕಟ್ಟಲಿ, ಬೇರೆ ಯಾರೂ ಮುಟ್ಟುವುದು ಬೇಡ. ಮೊದಲು ಶೆಲ್ಫಿನ ಫೋಟೊ ತೆಗೆದಿಟ್ಟುಕೊಳ್ಳಲಿ. ಬಿಡಿ ಹಾಳೆಗಳನ್ನು ಪಾಠದ ಪ್ರಕಾರ ಬೇರೆ ಬೇರೆ ಪ್ಲಾಸ್ಟಿಕ್ ಫೋಲ್ಡರಿಗೆ ಹಾಕಿದ ಮೇಲೆಯೇ ಪೆಟ್ಟಿಗೆಗೆ. ಇದಕ್ಕೆ ಎರಡು ಗಂಟೆ ಸಾಕು, ಅದಕ್ಕಿಂತ ಹೆಚ್ಚಿನ ಯಾವ ಕೆಲಸವನ್ನೂ ಅವಳಿಗೆ ಹೇಳಬೇಡಿ. ಪುಸ್ತಕಕ್ಕೆ ಚಿಕ್ಕ ಪೆಟ್ಟಿಗೆಯೇ ಸರಿ. ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಪೆಟ್ಟಿಗೆ ತುಂಬ ಪುಸ್ತಕ ಇಟ್ಟರೆ 20 ಕಿಲೋ ಹತ್ತಿರ ಬರುತ್ತದೆ. ಟಿವಿಯ ದೊಡ್ಡ ಪೆಟ್ಟಿಗೆಗೆ ಪುಸ್ತಕ ತುಂಬಿದರೆ ಹಮಾಲನ ಸೊಂಟವೂ ಹೋಗುತ್ತದೆ, ತಳ ಕಿತ್ತು ಮೆಟ್ಟಿಲ ತುಂಬ ಪುಸ್ತಕವೂ ಚೆಲ್ಲುತ್ತದೆ. ತಳಕ್ಕೆ ಟೇಪನ್ನು ಉದ್ದಕ್ಕೆ ಎರಡು ಪಟ್ಟಿ, ಅಡ್ಡಕ್ಕೆ ಒಂದು ಪಟ್ಟಿ ಹಾಕಿ.

ಇನ್ನು ಆ ಹದಿನೈದು ದಿನ ಓದುವುದಷ್ಟನ್ನು ಒಂದು ಬ್ಯಾಗಿನಲ್ಲಿ ಬೇರೆ ಇಡಲಿ: ಅಂದಂದಿನ ವಿಷಯದ ಪುಸ್ತಕ, ಪ್ರಶ್ನೆಪತ್ರಿಕೆಗಳು, ಜರ್ನಲ್, ಲ್ಯಾಪ್‌ಟಾಪು, ಚಾರ್ಜರು, ಇಯರ್‌ಫೋನು, ಟೇಬಲ್ ಲ್ಯಾಂಪು. ಪ್ರಾಕ್ಟಿಕಲ್ ಜರ್ನಲ್ಲನ್ನು ಮರೆಯಬೇಡಿ, ಸಹಿಯಾದ ಜರ್ನಲ್ ಕಳೆದರೆ ಜನವರಿಯಲ್ಲಿ ಕೂತು ಮತ್ತೆ ಪೂರ್ತಿ ಬರೆಯಬೇಕು. ಈ ಬ್ಯಾಗು ಅವಳ ಹೆಗಲಿನಲ್ಲೇ ಹೋಗಬೇಕು. ನಿಮ್ಮ ಹಾಲ್ ಟಿಕೆಟ್, ಇಗ್ನೋ ಗುರುತಿನ ಚೀಟಿ, ಎಲ್ಲರ ಮಾರ್ಕ್ಸ್‌ಕಾರ್ಡು, ಆಧಾರ್, ಒಡವೆ, ಎರಡೂ ಅಗ್ರೀಮೆಂಟು ಇವು ಇನ್ನೊಂದು ಬ್ಯಾಗು. ಅದು ನಿಮ್ಮ ಕೈಯಲ್ಲಿ.

ಹೊಸ ಮನೆಯಲ್ಲಿ ಮೊದಲು ಜೋಡಿಸಬೇಕಾದದ್ದು ಅವಳ ಮೇಜು. ಪುಣೆಯಲ್ಲಿ ಡಿಸೆಂಬರಿನ ಸೂರ್ಯ ದಕ್ಷಿಣಕ್ಕೆ ವಾಲಿರುತ್ತದೆ, ನಡುಮಧ್ಯಾಹ್ನದಲ್ಲೂ 48 ಡಿಗ್ರಿ ಎತ್ತರ ಮಾತ್ರ. ಹಾಗಾಗಿ ದಕ್ಷಿಣದ ಕಿಟಕಿ ಇರುವ ಕೋಣೆ ಚಳಿಗಾಲದಲ್ಲಿ ಬೆಚ್ಚಗೆ, ಬೆಳಕು ಧಾರಾಳ. ಮೇಜನ್ನು ಕಿಟಕಿಗೆ ಎದುರಾಗಿ ಇಡದೆ ಮಗ್ಗುಲಿಗೆ ಇಡಿ. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ ಬಂದರೆ ಹಾಳೆಯ ಮೇಲೆ ಕೈಯ ನೆರಳು ಬೀಳುವುದಿಲ್ಲ. ಹತ್ತಿರ ಮಂಗಲ ಕಾರ್ಯಾಲಯ ಇದ್ದರೆ ಆ ಕಡೆಯ ಕೋಣೆ ಮಾತ್ರ ಬೇಡ. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ನಿಷೇಧವಿದೆ, ಆದರೆ ಹತ್ತರ ತನಕ ಸದ್ದು ಇದ್ದೇ ಇರುತ್ತದೆ.

ಟೆಂಪೊ ದಿನ: 22

18ಕ್ಕೆ ನಿಮ್ಮ ಪರೀಕ್ಷೆ ಮುಗಿಯುತ್ತದೆ. ಒಂದು ದಿನ ನಿದ್ದೆ ಮಾಡಿ. 20, 21 ಅಡುಗೆಮನೆ ಮತ್ತು ಬಟ್ಟೆ. 22ಕ್ಕೆ ಟೆಂಪೊ, ಅದು ಭಾನುವಾರ ಬಿದ್ದರೆ ಹಿಂದೆಮುಂದೆ ಒಂದು ದಿನ. ಮಗನಿಗೆ ಅಂದು ಶಾಲೆ ಇರುವುದೇ ಲೇಸು; ಸಂಜೆ ಅವನು ಎಲ್ಲಿ ಇಳಿಯಬೇಕು ಎಂದು ಬಸ್ಸಿನ ಅಣ್ಣನಿಗೂ ಕ್ಲಾಸ್ ಟೀಚರಿಗೂ ಮುಂಚಿನ ದಿನವೇ ತಿಳಿಸಿ.

ಉಳಿದ ಪ್ಯಾಕಿಂಗನ್ನು ಈಗಿನಿಂದಲೇ ಶುರು ಮಾಡಿ, ದಿನಕ್ಕೆ ಒಂದೇ ಪೆಟ್ಟಿಗೆಯಾದರೂ ಸಾಕು. ಗಣಪತಿ ಹಬ್ಬದ ಅಲಂಕಾರ, ದೊಡ್ಡ ಹಂಡೆ-ಪರಾತ, ಬೇಸಿಗೆ ಬಟ್ಟೆ, ಮಗನ ಹಳೆಯ ಪುಸ್ತಕ ಇವು ಫೆಬ್ರವರಿಯ ತನಕ ಬೇಕಾಗುವುದಿಲ್ಲ. ಪೆಟ್ಟಿಗೆಯ ಮೇಲೆ ಬರೆಯಬೇಡಿ, ಮಗ್ಗುಲಿಗೆ ಬರೆಯಿರಿ. ಒಂದರ ಮೇಲೊಂದು ಪೇರಿಸಿದಾಗ ಮೇಲಿನ ಬರಹ ಕಾಣುವುದಿಲ್ಲ. ಬರೆಯುವುದು ಹಳೆಯ ಮನೆಯ ಕೋಣೆಯ ಹೆಸರನ್ನಲ್ಲ, ಹೊಸ ಮನೆಯಲ್ಲಿ ಅದು ಹೋಗಬೇಕಾದ ಕೋಣೆಯದು. ಜೊತೆಗೊಂದು ನಂಬರು. ಒಳಗೇನಿದೆ ಎಂಬುದು ನಿಮ್ಮ ಫೋನಿನಲ್ಲಿರಲಿ.

ಗಾಡಿಯ ವಿಷಯದಲ್ಲಿ ಜನ ಸಾಮಾನ್ಯವಾಗಿ ಛೋಟಾ ಹಾಥಿ (ಟಾಟಾ ಏಸ್) ಸಾಕು ಅಂದುಕೊಳ್ಳುತ್ತಾರೆ. ಅದು ಒಂದು ಕೋಣೆಯ ಸಂಸಾರಕ್ಕೆ ಸರಿ. ಅದರ ಹಿಂಭಾಗ ಸುಮಾರು ಏಳಡಿ ಉದ್ದ, ಮುಕ್ಕಾಲು ಟನ್ ಹೊರುತ್ತದೆ. ನಿಮ್ಮ ಸಾಮಾನಿಗೆ ಎರಡು ಸುತ್ತು ಬೇಕಾಗುತ್ತದೆ, ಚಿಂಚವಡದಿಂದ ಕೋಥರೂಡಿಗೆ ಚಾಂದಣಿ ಚೌಕದ ಟ್ರಾಫಿಕ್ಕಿನಲ್ಲಿ ಎರಡು ಸುತ್ತೆಂದರೆ ದಿನವೇ ಹೋಯಿತು. ಟಾಟಾ 407 ಅಳತೆಯ ಒಂದೇ ಗಾಡಿ ಹಿಡಿಯಿರಿ. ಬೆಳಿಗ್ಗೆ ಎಂಟಕ್ಕೆ ತುಂಬಲು ಶುರುವಾದರೆ ಹನ್ನೊಂದಕ್ಕೆ ಹೊರಡಬಹುದು, ಆ ಹೊತ್ತಿಗೆ ಆಫೀಸಿನ ದಟ್ಟಣೆಯೂ ಇಳಿದಿರುತ್ತದೆ. ದರ ಮಾತಾಡುವಾಗ ಎಷ್ಟು ಜನ ಹಮಾಲರು, ಎಷ್ಟನೇ ಮಹಡಿ, ಲಿಫ್ಟ್ ಕೆಟ್ಟರೆ ಎಷ್ಟು, ಮಂಚ ಬಿಚ್ಚಿ ಜೋಡಿಸುವುದು ಸೇರಿದೆಯೇ, ಕಾಯುವುದಕ್ಕೆ ಬೇರೆ ದುಡ್ಡಿದೆಯೇ ಎಲ್ಲವನ್ನೂ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಸಾಮಾನೆಲ್ಲ ಗಾಡಿ ಹತ್ತಿದ ಮೇಲೆ ದರ ಏರಿಸುವುದು ಈ ಧಂದೆಯ ಹಳೆಯ ಚಾಳಿ. ಮುಂಗಡ ಆದಷ್ಟು ಕಡಿಮೆ ಕೊಡಿ.

ಫ್ರಿಜ್ಜನ್ನು ಹಿಂದಿನ ರಾತ್ರಿಯೇ ಬಂದ್ ಮಾಡಿ, ಖಾಲಿ ಮಾಡಿ, ಬಾಗಿಲು ತೆರೆದಿಟ್ಟು ಒರೆಸಿ. ನಿಂತ ಹಾಗೆಯೇ ಒಯ್ಯಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಗ್ಯಾಸಿನ ಕೊಳವೆಗೆ ಹರಿಯುತ್ತದೆ. ಒಯ್ದಿಟ್ಟ ಮೇಲೆ ಮೂರು ನಾಲ್ಕು ಗಂಟೆ ಬಿಟ್ಟು ಹಚ್ಚಿ. ಮುಂದೆ ಬಾಗಿಲಿರುವ ವಾಷಿಂಗ್ ಮಷಿನ್ ಆದರೆ ಖರೀದಿಸಿದಾಗ ಹಿಂಭಾಗದಿಂದ ಬಿಚ್ಚಿ ಕೊಟ್ಟ ಉದ್ದನೆಯ ಬೋಲ್ಟುಗಳನ್ನು ಹುಡುಕಿ ಹಾಕಿಸಿ, ಇಲ್ಲದಿದ್ದರೆ ಸ್ಪ್ರಿಂಗಿನ ಮೇಲೆ ತೂಗುವ ಡ್ರಮ್ಮು ದಾರಿಯುದ್ದಕ್ಕೂ ಹೊಯ್ದಾಡುತ್ತದೆ. ಹೊಸ ಮನೆಯಲ್ಲಿ ಓಡಿಸುವ ಮುನ್ನ ಅವನ್ನು ಬಿಚ್ಚಲು ಮರೆತರೆ ಮಷಿನ್ನು ಕುಣಿಯುತ್ತ ಬಾತ್‌ರೂಮಿನ ಬಾಗಿಲಿಗೆ ಬರುತ್ತದೆ. ಇನ್ವರ್ಟರಿನ ಬ್ಯಾಟರಿ ಕೊನೆಗೆ ಹತ್ತಬೇಕು, ವಾಲಬಾರದು, ಒಳಗೆ ಆಸಿಡ್ ಇದೆ. ಎಸಿ ಇದ್ದರೆ ಬಿಚ್ಚಿಸಿ ಒಯ್ಯಿರಿ, ಆದರೆ ಈಗಲೇ ಹಾಕಿಸಬೇಡಿ. ಪುಣೆಯಲ್ಲಿ ಫೆಬ್ರವರಿ ಕೊನೆಯ ತನಕ ಅದು ಬೇಕಾಗದು, ಪರೀಕ್ಷೆಯ ಮನೆಯಲ್ಲಿ ಒಂದು ದಿನದ ಡ್ರಿಲ್ಲಿಂಗ್ ಕಡಿಮೆಯಾಗುತ್ತದೆ.

ಸಿಲಿಂಡರ್ ಗ್ಯಾಸ್ ಆದರೆ ಊರು ಬಿಡುತ್ತಿಲ್ಲವಾದ್ದರಿಂದ ಸಿಲಿಂಡರು, ರೆಗ್ಯುಲೇಟರು ವಾಪಸು ಕೊಡಬೇಕಿಲ್ಲ, ಏಜೆನ್ಸಿ ವರ್ಗಾವಣೆ ಸಾಕು. ಆನ್‌ಲೈನಿನಲ್ಲೇ ಆಗುತ್ತದೆ. ಊರನ್ನೇ ಬಿಡುವವರು ಮಾತ್ರ ಅವೆರಡನ್ನೂ ಒಪ್ಪಿಸಿ ಡಿಪಾಸಿಟ್ ಪಡೆದು ಟರ್ಮಿನೇಶನ್ ವೋಚರ್ ತೆಗೆದುಕೊಳ್ಳಬೇಕು. ಸಿಲಿಂಡರನ್ನು ಒಯ್ಯುವಾಗ ರೆಗ್ಯುಲೇಟರ್ ತೆಗೆದು, ದಾರ ಕಟ್ಟಿದ ಕ್ಯಾಪ್ ಒತ್ತಿ ಕೂರಿಸಿ, ನಿಲ್ಲಿಸಿ ಕಟ್ಟಿ. ಮುಚ್ಚಿದ ಕಂಟೇನರಿನಲ್ಲಿ ಬೇಡವೇ ಬೇಡ.

ಕೌದಿಗಳ ಬಗ್ಗೆ ಒಂದು ಎಚ್ಚರಿಕೆ. ಟಿವಿ, ಕಪಾಟಿನ ಕನ್ನಡಿ, ಫ್ರಿಜ್ಜು ಎಲ್ಲಕ್ಕೂ ಸುತ್ತಲು ಕೌದಿಯಷ್ಟು ಒಳ್ಳೆಯ ವಸ್ತುವಿಲ್ಲ. ಹಾಗೆಂದು ಇರುವುದನ್ನೆಲ್ಲ ಸುತ್ತಿಬಿಟ್ಟರೆ ರಾತ್ರಿ ಹೊದೆಯಲು ಧೂಳು ಹಿಡಿದ ಕೌದಿಗಳೇ ಗತಿ. ಡಿಸೆಂಬರ್ ಕೊನೆಯಲ್ಲಿ ಪುಣೆಯ ರಾತ್ರಿ ಹತ್ತು ಡಿಗ್ರಿಗೂ ಕೆಳಗೆ ಇಳಿಯುವುದುಂಟು. ಅತ್ತೆಯವರಿಗೆ ಎರಡು, ಉಳಿದವರಿಗೆ ಒಂದೊಂದು ಬೇರೆ ಚೀಲದಲ್ಲಿ, ಹಾಸಿಗೆ ಬಟ್ಟೆಯ ಜೊತೆಗೆ ಇಡಿ. ಮೊದಲ ರಾತ್ರಿಯ ಆ ಚೀಲದಲ್ಲೇ ಔಷಧಿ, ಟೂತ್‌ಬ್ರಶ್ಶು, ಟವೆಲ್ಲು, ಬಲ್ಬು ಎರಡು, ಚಾಕು, ಸ್ಕ್ರೂಡ್ರೈವರು, ಎಕ್ಸ್‌ಟೆನ್ಷನ್ ಬೋರ್ಡು.

ಊಟದ ಚಿಂತೆ ಉತ್ತರ ಕರ್ನಾಟಕದವರಿಗೆ ಇರಬಾರದು. ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಈಗಲೇ ಧಾರವಾಡದಿಂದ ತರಿಸಿಟ್ಟರೆ ಮೊಸರೊಂದಿದ್ದರೆ ಸಾಕು, ಮೂರು ದಿನ ಒಲೆ ಹಚ್ಚದೆ ನಡೆಯುತ್ತದೆ. ಬಿಸಿ ಬೇಕೆನಿಸಿದರೆ ಕೋಥರೂಡಿನಲ್ಲಿ ಪೋಳಿ-ಭಾಜಿ (ಚಪಾತಿ-ಪಲ್ಯ) ಕೇಂದ್ರಗಳು ಹೆಜ್ಜೆಗೊಂದು. ಅಡುಗೆಮನೆಯನ್ನು ಮೊದಲ ದಿನವೇ ಪೂರ್ತಿ ಜೋಡಿಸಲು ಹೋಗಬೇಡಿ. ಕುಕ್ಕರು, ಎರಡು ಪಾತ್ರೆ, ಚಹದ ಸಾಮಾನು ಹೊರಗಿದ್ದರೆ ಆಯಿತು.

ಬಿಸಿನೀರು: ಚಳಿಗಾಲದ ಬೆಳಗಿನ ಜಗಳ

ಐದು ಜನ, ಒಂದು ಗೀಸರ್, ಏಳು ಗಂಟೆಯ ಕ್ಲಾಸು. ಇದನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಿ. 15 ಲೀಟರಿನ, 2000 ವ್ಯಾಟಿನ ಗೀಸರಿಗೆ 18 ಡಿಗ್ರಿಯ ತಣ್ಣೀರನ್ನು 60 ಡಿಗ್ರಿಗೆ ತರಲು ಸುಮಾರು 22 ನಿಮಿಷ ಬೇಕು. ಅದಕ್ಕೆ ತಣ್ಣೀರು ಬೆರೆಸಿದರೆ ಸ್ನಾನಕ್ಕಾಗುವ 40 ಡಿಗ್ರಿಯ ನೀರು 28 ಲೀಟರ್, ಅಂದರೆ ಒಂದೂವರೆ ಬಕೆಟ್. ಒಬ್ಬರದು ಮುಗಿದು ಇನ್ನೊಬ್ಬರು ಹೋಗಲು ಇಪ್ಪತ್ತು ನಿಮಿಷ ಬಿಡಬೇಕು. ಇಲ್ಲವಾದರೆ ಎರಡನೆಯವರಿಗೆ ಉಗುರುಬೆಚ್ಚಗಿನದೇ. ಮಗಳು ಮೊದಲು, ಅತ್ತೆಯವರು ಬಿಸಿಲು ಬಂದ ಮೇಲೆ.

ಪುಣೆಯ ಎಷ್ಟೋ ಸೊಸೈಟಿಗಳಲ್ಲಿ ಸೋಲಾರ್ ಬಿಸಿನೀರಿನ ಪೈಪು ಒಂದೇ ಬಾತ್‌ರೂಮಿಗೆ ಇರುತ್ತದೆ, ಬೆಳಿಗ್ಗೆ ಗೊತ್ತಾದ ಹೊತ್ತಿಗೆ ಮಾತ್ರ ಬಿಡುತ್ತಾರೆ. ಯಾವ ಬಾತ್‌ರೂಮು, ಎಷ್ಟು ಹೊತ್ತಿಗೆ ಎಂದು ವಾಚ್‌ಮನ್ನನ್ನೇ ಕೇಳಿ, ಮಾಲೀಕರಿಗಿಂತ ಅವನಿಗೆ ಚೆನ್ನಾಗಿ ಗೊತ್ತು. ಕೆಳಗಿನ ಮಹಡಿಯಾದರೆ ಪೈಪಿನಲ್ಲಿ ರಾತ್ರಿಯೆಲ್ಲ ನಿಂತ ತಣ್ಣೀರು ಮೊದಲು ಒಂದೆರಡು ಬಕೆಟ್ ಬರುತ್ತದೆ. ಅದನ್ನು ಬಟ್ಟೆಗೆ ಹಿಡಿದಿಟ್ಟುಕೊಳ್ಳಿ.

ನಿಮ್ಮದೇ ಗೀಸರನ್ನು ಬಿಚ್ಚಿ ಒಯ್ಯುತ್ತಿದ್ದರೆ ಇಷ್ಟು ಮಾತ್ರ ಖಂಡಿತ ಮರೆಯಬೇಡಿ: ನೀರು ತುಂಬುವ ಮುನ್ನ ಸ್ವಿಚ್ ಹಾಕಬಾರದು. ಒಳಬರುವ ನೀರು ಬಿಟ್ಟು, ಬಿಸಿನೀರಿನ ನಲ್ಲಿ ತೆರೆದಿಡಿ. ಗಾಳಿ ಬುಸುಗುಟ್ಟಿ, ಆಮೇಲೆ ಒಂದೇ ಸಮ ನೀರು ಹರಿಯತೊಡಗಿದ ಮೇಲೆ ನಲ್ಲಿ ಮುಚ್ಚಿ ಸ್ವಿಚ್ ಹಾಕಿ. ಖಾಲಿ ಗೀಸರಿಗೆ ಕರೆಂಟ್ ಕೊಟ್ಟರೆ ಕಾಯಿಸುವ ಕಾಯಿಲ್ ಕೆಲವೇ ನಿಮಿಷದಲ್ಲಿ ಸುಡುತ್ತದೆ. ತಣ್ಣೀರು ಒಳಬರುವ ಕಡೆ ಇರುವ ಒತ್ತಡದ ವಾಲ್ವನ್ನು ಪ್ಲಂಬರ್ ‘ಬೇಕಿಲ್ಲ’ ಎಂದು ಬಿಟ್ಟುಬಿಡುವುದುಂಟು, ಹಾಕಿಸಿಯೇ ಕಳಿಸಿ. ಪಾಯಿಂಟು 16 ಆಂಪಿಯರಿನದೇ, ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನಿಗೆ ಟೆಸ್ಟರಿನಲ್ಲಿ ನೋಡಿಸಿ.

ಧಾರವಾಡ

23, 24 ಮನೆ ಜೋಡಿಸಿ. 25ಕ್ಕೆ ಹಳೆಯ ಮನೆಯ ಮಾಲೀಕರಿಗೂ ರಜೆ, ಅಂದೇ ಹೋಗಿ ಕೀಲಿ ಒಪ್ಪಿಸಿ. ಗೋಡೆ, ನಲ್ಲಿ, ಫ್ಯಾನು, ಬಾತ್‌ರೂಮು, ಕಿಟಕಿಯ ಗಾಜು ಎಲ್ಲದರ ವಿಡಿಯೊ ಅವರ ಎದುರಿಗೇ ತೆಗೆಯಿರಿ, ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ ಎಂಬುದನ್ನು ಅಲ್ಲೇ ಮಾತಾಡಿ ಮುಗಿಸಿ.

26ಕ್ಕೆ ಯಜಮಾನರು ಮಗನನ್ನೂ ಅತ್ತೆಯವರನ್ನೂ ಕರೆದುಕೊಂಡು ಧಾರವಾಡಕ್ಕೆ ಹೊರಡಲಿ, 30ಕ್ಕೆ ಹಿಂದಿರುಗಲಿ. ನೀವು ಮತ್ತು ಮಗಳು ಇಲ್ಲೇ ಇರಿ. ಇದು ನಿಮಗೆ ಅನ್ಯಾಯವೆನಿಸಬಹುದು. ಆದರೆ ನಾಲ್ಕು ದಿನ ಇಬ್ಬರೇ ಇರುವ ಮನೆ ಅವಳಿಗೆ ಓದಲೂ ನಿಮಗೆ ಸುಧಾರಿಸಿಕೊಳ್ಳಲೂ ಸಿಗುವ ಒಳ್ಳೆಯ ಅವಕಾಶ. ಧಾರವಾಡದವರನ್ನೇ ಇಲ್ಲಿಗೆ ಕರೆಸುವ ಯೋಚನೆ ಬಂದರೆ ಸಂಕ್ರಾಂತಿಯೂ ಬೇಡ, ಮಾರ್ಚಿಗೆ ಹೇಳಿ. ಮಗನಿಗೆ ಒಂದು ಮಾತು ಮೊದಲೇ ತಿಳಿಸಿ: ಕರ್ನಾಟಕದ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ದೊಡ್ಡ ರಜೆ ದಸರೆಗೆ ಆಗಿಹೋಗಿದೆ, ಅಲ್ಲಿನ ಅಣ್ಣತಮ್ಮಂದಿರು ಶಾಲೆಗೆ ಹೋಗುತ್ತಿರುತ್ತಾರೆ. ಎಳ್ಳಮಾವಾಸ್ಯೆ ಆ ದಿನಗಳಲ್ಲೇ ಬಂದರೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬರುವ ಭಾಗ್ಯ ಅವನದು. ಪಂಚಾಂಗ ನೋಡಿ ಬೇಕಾದರೆ ಒಂದು ದಿನ ಹಿಂದೆಮುಂದೆ ಮಾಡಿ.

ರೈಲಿನ ಟಿಕೆಟ್ ಈಗ 60 ದಿನ ಮುಂಚೆ ತೆರೆಯುತ್ತದೆ. 26ರದು ಅಕ್ಟೋಬರ್ 27ಕ್ಕೇ ತೆರೆದಾಯಿತು. ಇಂದೇ ನೋಡಿ. ಪುಣೆ–ಹುಬ್ಬಳ್ಳಿ ವಂದೇ ಭಾರತ್ ದಿನಾ ಇಲ್ಲ, ನಿಮ್ಮ ದಿನಕ್ಕೆ ಇದೆಯೇ ಎಂದು ಪರಿಶೀಲಿಸಿ. ಸಿಗದಿದ್ದರೆ ತತ್ಕಾಲ್ ಹಿಂದಿನ ದಿನ, ಎಸಿಗೆ ಬೆಳಿಗ್ಗೆ 10, ಸ್ಲೀಪರಿಗೆ 11. ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸದಿದ್ದರೆ ಆನ್‌ಲೈನ್ ತತ್ಕಾಲ್ ಆಗುವುದಿಲ್ಲ. ಕ್ರಿಸ್‌ಮಸ್ ವಾರದಲ್ಲಿ ತತ್ಕಾಲ್ ನಂಬಿ ಕೂರುವುದಕ್ಕಿಂತ ಸ್ವಾರಗೇಟಿನಿಂದ ಬಸ್ಸು ಕಾದಿರಿಸುವುದು ಮೇಲು. ಹೋಗುವುದಕ್ಕಿಂತ ಬರುವ ಟಿಕೆಟ್ಟು ಕಷ್ಟ. ಅದನ್ನು ಮೊದಲು ಮಾಡಿ.

ವಿಳಾಸ ಬದಲಾವಣೆಯ ಕಾಗದಪತ್ರವನ್ನು ಜನವರಿಯಲ್ಲಿ ನಿಧಾನವಾಗಿ ಮಾಡಿದರೆ ನಡೆಯುತ್ತದೆ. ಇಗ್ನೋ, ಬ್ಯಾಂಕು, ಗ್ಯಾಸು ಮೊದಲು. ಮಗಳ ಆಧಾರನ್ನು ಮಾತ್ರ ಪ್ರವೇಶ ಪರೀಕ್ಷೆಗಳು ಮುಗಿಯುವ ತನಕ ಮುಟ್ಟಬೇಡಿ. ಮನೆ ಖಾಲಿ ಮಾಡುವ ಭರದಲ್ಲಿ ಹಳೆಯ ಅಗ್ರೀಮೆಂಟು, ಕರೆಂಟ್ ಬಿಲ್ಲು, ಶಾಲೆಯ ದಾಖಲೆ ಯಾವುದನ್ನೂ ರದ್ದಿಗೆ ಹಾಕಬೇಡಿ. ಇಂಜಿನಿಯರಿಂಗ್ ಪ್ರವೇಶದಲ್ಲಿ ಮಹಾರಾಷ್ಟ್ರದ ಕೋಟಾ ಸಿಗಬೇಕಾದರೆ ಡೊಮಿಸೈಲ್ ಪ್ರಮಾಣಪತ್ರ ಕೇಳುತ್ತಾರೆ. ಇಷ್ಟು ವರ್ಷ ಈ ರಾಜ್ಯದಲ್ಲೇ ಇದ್ದೀರಿ ಎಂಬುದಕ್ಕೆ ಆಗ ತೋರಿಸಬೇಕಾದದ್ದು ಚಿಂಚವಡದ ಆ ಹಳೆಯ ಕಾಗದಗಳನ್ನೇ.